ಎಡಗಡೆಯ ಬ್ಯಾಟರಿ

ಅಡುಗೆ ಸೋಡಾ ಕಲಸಿದ ನೀರನ್ನು ನಾನು ಲೋಟದಿಂದ ಹನಿಹನಿಯಾಗಿ ಬಿಡುತ್ತಿದ್ದೆ. ಅಕ್ಕ ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಬ್ಯಾಟರಿಯ ತುದಿಗಳನ್ನು ತಿಕ್ಕುತ್ತಿದ್ದಳು. ಅಂಟಿಕೊಂಡಿದ್ದ ಬಿಳಿಹಸಿರು ಪುಡಿ ನೊರೆಯಾಗಿ ಉಕ್ಕಿ, ಸುತ್ತ ಹಾಸಿದ್ದ ಬಟ್ಟೆಗೆ ಇಳಿಯುತ್ತಿತ್ತು. ಮುಚ್ಚಳದೊಳಗೆ ಒಂದು ಹನಿಯೂ ಹೋಗಬಾರದು. ಒಂದು ತುದಿ ಮುಗಿದ ಮೇಲೆ ಅವಳು ಇನ್ನೊಂದನ್ನು ಕಣ್ಣಲ್ಲೇ ತೋರಿಸುತ್ತಿದ್ದಳು, ನಾನು ಲೋಟ ಸರಿಸುತ್ತಿದ್ದೆ. ದಡದ ಕಟ್ಟೆಯ ಮೇಲೆ ಅಪ್ಪ ನಮಗೆ ಬೆನ್ನು ಹಾಕಿ ಕೂತಿದ್ದ.

ನಮ್ಮದು ಜನರನ್ನು ದಡದಿಂದ ದಡಕ್ಕೆ ದಾಟಿಸುವ ದೋಣಿ. ಡೀಸೆಲ್ ಎಂಜಿನ್ ಕಿತ್ತು ಕರೆಂಟಿನ ಮೋಟಾರು ಕೂರಿಸಿದಾಗ ವೈರಿಂಗ್ ಮಾಡಿದವಳು ಅಕ್ಕ. ಮೋಟಾರಿಗೆ ಇಪ್ಪತ್ನಾಲ್ಕು ವೋಲ್ಟು ಬೇಕು, ನಮ್ಮ ಬಳಿ ಇದ್ದದ್ದು ಹನ್ನೆರಡರ ಎರಡು ಬ್ಯಾಟರಿ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಸೇರಿಸಿ, ಎರಡನ್ನೂ ಸೀರೀಸಿನಲ್ಲಿ ಜೋಡಿಸಿದ್ದಳು. ದೋಣಿ ವಾಲದಿರಲೆಂದು ಒಂದನ್ನು ಎಡಗಡೆಯ ಬೆಂಚಿನ ಕೆಳಗೆ, ಒಂದನ್ನು ಬಲಗಡೆಯ ಬೆಂಚಿನ ಕೆಳಗೆ ಇಟ್ಟು, ನಡುವಿನ ದಪ್ಪ ಕೇಬಲ್ಲನ್ನು ನೆಲದ ಹಲಗೆಗಳ ಅಡಿಯಲ್ಲಿ ಹಾಯಿಸಿದ್ದಳು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದ ನನಗೂ ತಿಳಿಯುವ ಹಾಗೆ ಅದನ್ನೆಲ್ಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದಳು.

ಈಗ ಎರಡು ತಿಂಗಳಲ್ಲಿ ಎರಡು ಸಲ ದೋಣಿ ನಡುನೀರಿನಲ್ಲಿ ನಿಂತಿತ್ತು. ಎರಡನೇ ಸಲ ಹನ್ನೊಂದು ಜನರನ್ನು ಕೂರಿಸಿಕೊಂಡು ಹುಟ್ಟು ಹಾಕಿ ದಡ ಸೇರಿಸುವಷ್ಟರಲ್ಲಿ ಅಪ್ಪನಿಗೆ ಸಾಕುಸಾಕಾಗಿತ್ತು.

"ಮಿಕ್ಸಿ ರಿಪೇರಿ ಮಾಡಿದ ಹಾಗಲ್ಲ ಇದು," ಎಂದು ಬೆಳಿಗ್ಗೆ ಅಕ್ಕನ ಮೇಲೆ ಹರಿಹಾಯ್ದಿದ್ದ. "ನಾಲ್ಕು ಗಂಟೆಗೆ ಮೆಕ್ಯಾನಿಕ್ ಬರ್ತಾರೆ. ನಿನ್ನ ವೈರನ್ನೆಲ್ಲ ಕಿತ್ತು ಹೊಸದಾಗಿ ಹಾಕ್ತಾರೆ. ಆಮೇಲೆ ನೀನು ಈ ದೋಣಿ ಮುಟ್ಟೋ ಹಾಗಿಲ್ಲ."

"ನಾಲ್ಕರ ತನಕ ನಂಗೆ ಬಿಡು," ಎಂದಷ್ಟೇ ಅಂದಿದ್ದಳು ಅಕ್ಕ.

ತುದಿಗಳು ಒಣಗಿದ ಮೇಲೆ ಅವಳು ವೋಲ್ಟು ಅಳೆಯುವ ಮೀಟರಿನ ಕಡ್ಡಿಗಳನ್ನು ಅವಕ್ಕೆ ಒತ್ತಿ ಹಿಡಿದಳು. ಬಲಗಡೆಯದು ಹನ್ನೆರಡು ಪಾಯಿಂಟ್ ಏಳು. ಎಡಗಡೆಯದು ಹನ್ನೊಂದು ಪಾಯಿಂಟ್ ಆರು. ಎಡಗಡೆಯದು ಪೂರ್ತಿ ಸೋತಿತ್ತು, ಅಪ್ಪ ಅಂದದ್ದೇ ನಿಜವೇನೋ ಅಂದುಕೊಂಡೆ. ಅಕ್ಕ ಮಾತ್ರ ಮುಖ ಗಂಟಿಕ್ಕಲೂ ಇಲ್ಲ.

"ಉಗುರಿಗೆ ಹಚ್ಚೋ ಬಣ್ಣದ ಚುಕ್ಕೆ ಇರೋದು ಯಾವುದರ ಮೇಲೆ, ನೋಡೇ."

"ಬಲಗಡೆದರ ಮೇಲೆ."

"ಮೊದಲ ಸಲ ಮಲಗಿದ್ದು ಅದೇ ತಾನೆ?"

ಹೌದು. ಮೊದಲ ಸಲ ದೋಣಿ ನಿಂತಾಗ ಸೋತಿದ್ದ ಎಡಗಡೆಯ ಬ್ಯಾಟರಿಗೆ ಅವಳು ಚುಕ್ಕೆ ಇಟ್ಟು, ಎರಡಕ್ಕೂ ಪೂರ್ತಿ ಚಾರ್ಜ್ ಕೊಟ್ಟು, ಅದಲುಬದಲು ಮಾಡಿ ಇಟ್ಟಿದ್ದಳು. ಯಾಕೆಂದು ನಾನಾಗ ಕೇಳಿರಲಿಲ್ಲ.

"ಹಾಗಾದ್ರೆ ಬ್ಯಾಟರಿ ಕೆಟ್ಟಿಲ್ಲ ಕಣೇ. ಯಾವುದನ್ನ ತಂದು ಎಡಗಡೆ ಕೂರಿಸಿದ್ರೂ ಅದು ಸೊರಗುತ್ತೆ. ಆ ಜಾಗದಲ್ಲಿ ಯಾರೋ ಕದ್ದು ಕುಡೀತಿದ್ದಾರೆ."

ಒಂದು ತಿಂಗಳ ಹಿಂದೆಯೇ ಅವಳು ಆ ಚುಕ್ಕೆಯಲ್ಲಿ ಪ್ರಶ್ನೆ ಬರೆದಿಟ್ಟು, ಉತ್ತರಕ್ಕಾಗಿ ಕಾದಿದ್ದಳು. ಅಪ್ಪ ಬೈದ ಹೊತ್ತಿನಲ್ಲೂ ಅವಳ ಮನಸ್ಸಿನಲ್ಲಿ ಆ ಚುಕ್ಕೆ ಇದ್ದಿರಬೇಕು. ನಾನಾಗಿದ್ದರೆ ಅತ್ತು ಕರೆದು ಕೈಚೆಲ್ಲುತ್ತಿದ್ದೆ.

ಅಷ್ಟರಲ್ಲಿ ಮೆಕ್ಯಾನಿಕ್ ಚೀಲ ಹೊತ್ತು ಬಂದರು. ಅವರ ಹಿಂದೆಯೇ ಅಪ್ಪನೂ ದೋಣಿಗೆ ಇಳಿದ.

"ಏನಮ್ಮಾ ಎಂಜಿನಿಯರ್, ನನಗೇನಾದ್ರೂ ಕೆಲಸ ಉಳಿಸಿದೀಯೋ ಇಲ್ವೋ?"

"ಹತ್ತು ನಿಮಿಷ ತಡೀರಿ ಮಾಮ. ಎಡಗಡೆ ಬ್ಯಾಟರಿಗೆ ಯಾರೋ ಬಾಯಿ ಹಾಕಿದ್ದಾರೆ, ಹುಡುಕ್ತಿದೀನಿ."

ಅವಳು ಮೇನ್ ಸ್ವಿಚ್ ಆರಿಸಿ, ಎರಡೂ ಬ್ಯಾಟರಿಯ ಕೇಬಲ್ ಬಿಚ್ಚಿ, ನಡುವಿನ ಎರಡು ಹಲಗೆ ಎತ್ತಿದಳು. ಬೋರಲು ಮಲಗಿ ಭುಜದವರೆಗೆ ಕೈ ಇಳಿಬಿಟ್ಟಳು. ಅಲ್ಲಿ ಕತ್ತಲು, ಎಣ್ಣೆ ಬೆರೆತ ನೀರು. ಅವಳು ಕಣ್ಣು ಮುಚ್ಚಿಕೊಂಡು, ಹೆರಳಿನಲ್ಲಿ ಸಿಕ್ಕು ಹುಡುಕುವವಳಂತೆ ಕೇಬಲ್ಲನ್ನು ಬೆರಳಲ್ಲಿ ಸವರುತ್ತ ಹೋದಳು. ಬಲದಿಂದ ಎಡಕ್ಕೆ, ನಿಧಾನವಾಗಿ. ಒಂದು ಕಡೆ ಕೈ ನಿಂತಿತು.

"ಸಿಕ್ತು."

ದಪ್ಪ ಕೇಬಲ್ಲಿನ ಸಿಪ್ಪೆ ಸುಲಿದು ಯಾರೋ ಸಣ್ಣದೊಂದು ಕೆಂಪು ತಂತಿಯನ್ನು ಸುತ್ತಿ, ಮೇಲೆ ಟೇಪ್ ಹಾಕಿದ್ದರು. ಅದರ ಜೊತೆಗೆ ಎಡಗಡೆಯ ಬ್ಯಾಟರಿಯ ಮೈನಸ್ ಕೇಬಲ್ಲಿನಿಂದ ಒಂದು ಕಪ್ಪು ತಂತಿ. ಎರಡೂ ಬೆಂಚಿನ ಹಿಂದಿನಿಂದ ಏರಿ, ಚಾವಣಿಯ ರೇಡಿಯೋಗೂ ಪ್ರಯಾಣಿಕರು ಫೋನ್ ಚಾರ್ಜ್ ಮಾಡುವ ಜಾಗಕ್ಕೂ ಹೋಗಿದ್ದವು. ಒಂದು ಮಧ್ಯಾಹ್ನ ಅಪ್ಪ ಆ ಹಲಗೆ ಎತ್ತಿ ಮಂಡಿಯೂರಿ ಕೂತದ್ದನ್ನು ನಾನು ಕಂಡಿದ್ದೆ. ಒಳಗೆ ನಿಂತ ನೀರು ತೋಡಿ ಹಾಕುತ್ತಿದ್ದಾನೆ ಅಂದುಕೊಂಡಿದ್ದೆ.

ಅಪ್ಪನ ದನಿ ಏರಿತು. "ಬರೀ ರೇಡಿಯೋ ಕಣೇ! ಅದು ಹನ್ನೆರಡು ವೋಲ್ಟಿಂದು. ಇಪ್ಪತ್ನಾಲ್ಕು ಕೊಟ್ರೆ ಸುಟ್ಟು ಕರಕಲಾಗಲ್ವಾ? ಅದಕ್ಕೇ ತಲೆ ಓಡಿಸಿ ಒಂದೇ ಬ್ಯಾಟರಿಯಿಂದ ತಗೊಂಡೆ."

ಅಕ್ಕ ಎದ್ದು ಕೂತು ಕೈ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ಇಬ್ರು ಸೇರಿ ಒಂದು ಹೊರೆ ಹೊತ್ತಿದ್ದಾರೆ ಅಂತಿಟ್ಕೊ ಅಪ್ಪ. ಅದ್ರಲ್ಲಿ ಒಬ್ಬಳ ಸೊಂಟದ ಮೇಲೆ ನೀನು ಮಗೂನೂ ಕೂರಿಸಿದ್ದೀಯ. ಸಂಜೆ ಚಾರ್ಜರ್ ಬಂದು ಇಬ್ಬರಿಗೂ ಒಂದೇ ಅಳತೆ ಊಟ ಬಡಿಸುತ್ತೆ. ಒಬ್ಬಳಿಗೆ ಹೊಟ್ಟೆ ಬಿರಿಯೋಷ್ಟು, ಇನ್ನೊಬ್ಬಳಿಗೆ ಅರೆಹೊಟ್ಟೆ. ದಿನಾ ಹೀಗೇ ಆದ್ರೆ ಅವಳು ನಡುದಾರೀಲಿ ಕುಸಿಯದೆ ಇನ್ನೇನು ಮಾಡ್ತಾಳೆ?"

ಮೆಕ್ಯಾನಿಕ್ ಬಗ್ಗಿ ಆ ಗಂಟನ್ನು ನೋಡಿದರು. ಅಕ್ಕನನ್ನು ನೋಡಿದರು. ಹೆಗಲ ಮೇಲಿನ ಚೀಲ ಕೆಳಗಿಡಲೇ ಇಲ್ಲ.

"ನಾನಾಗಿದ್ರೆ ಎರಡೂ ಹೊಸ ಬ್ಯಾಟರಿ ಹಾಕಿಸಿ ಅಂತಿದ್ದೆ, ಸ್ವಾಮಿ," ಎಂದರು ಅಪ್ಪನಿಗೆ. "ಅವೂ ಇಷ್ಟು ದಿನಕ್ಕೇ ಸಾಯ್ತಿದ್ವು. ನಿಮ್ಮ ಮಗಳು ನನ್ನ ಮಾನ ಉಳಿಸಿದ್ಲು."

"ಹಾಗಾದ್ರೆ ರೇಡಿಯೋ?" ಎಂದ ಅಪ್ಪ, ಮೆಲ್ಲಗೆ.

ಉತ್ತರ ಕೊಟ್ಟವಳು ಅಕ್ಕ. "ಅದೂ ಇರ್ಲಿ. ಇಪ್ಪತ್ನಾಲ್ಕನ್ನ ಹನ್ನೆರಡಕ್ಕೆ ಇಳಿಸೋ ಪುಟ್ಟ ಡಬ್ಬಿ ಸಿಗುತ್ತೆ. ಎರಡೂ ಬ್ಯಾಟರಿ ಸಮಸಮ ಹೊರ್ತಾವೆ."

ಅವಳು ತಂತಿಗಳನ್ನು ಕತ್ತರಿಸಿದಳು, ಸುಲಿದ ಜಾಗಕ್ಕೆ ಬಿಗಿಯಾಗಿ ಟೇಪ್ ಸುತ್ತಿದಳು, ಎಡಗಡೆಯ ಬ್ಯಾಟರಿಯೊಂದನ್ನೇ ಚಾರ್ಜಿಗೆ ಹಾಕಿದಳು. ಎರಡೂ ಸಮಕ್ಕೆ ಬಂದ ಮೇಲೆಯೇ ಮತ್ತೆ ಜೋಡಿಸುವುದು ಎಂದಳು. ಅವಳ ಮೊಣಕೈ ತನಕ ಮಸಿ. ಅಂಥ ಚೆಂದದ ಕೈಗಳನ್ನು ನಾನು ಬೇರೆಲ್ಲೂ ನೋಡಿಲ್ಲ.

ಮೆಕ್ಯಾನಿಕ್ ದಡ ಹತ್ತಿದರು. ಅಪ್ಪ ಕತ್ತರಿಸಿದ ತಂತಿಯನ್ನು ಎತ್ತಿಕೊಂಡು ಬೆರಳಿಗೆ ಸುತ್ತತೊಡಗಿದ. ನಾನು ಲೋಟ ತೊಳೆಯುತ್ತಿದ್ದೆ. ಅಕ್ಕ ಹಲಗೆಗಳನ್ನು ಜಾಗಕ್ಕೆ ಕೂರಿಸಿ, ಅವನ ಕಡೆ ತಿರುಗಿದಳು.

"ಅಪ್ಪ, ಇನ್ಮೇಲೆ ಏನೇ ಜೋಡಿಸೋದಿದ್ರೂ ಮೊದ್ಲು ನನ್ನ ಒಂದು ಮಾತು ಕೇಳು."

ಅಪ್ಪ ಸುತ್ತಿದ ತಂತಿಯನ್ನು ಬೆರಳಿನಿಂದ ಕಳಚಿ ಅವಳ ಕೈಗಿಟ್ಟ.