ಮೊಣಕಾಲು ಮೊದಲು

ಲೂಡಿ ಮಗನ ಕುತ್ತಿಗೆಗೆ ಕೆಂಪಂಗಿ ತೂರಿಸಿ ಕೆಳಕ್ಕೆ ಎಳೆದಳು. ಒಂದು ತೋಳು ಹೊರಬರುವಷ್ಟರಲ್ಲಿ ಅವನು ತಪ್ಪಿಸಿಕೊಂಡು ಓಡಿದ. ಸಾವಿನ ಮನೆಯಲ್ಲಿ ಮಕ್ಕಳಿಗೆ ಕೆಂಪು ತೊಡಿಸಿದರೆ ಸತ್ತವರು ಬಂದು ಕಾಡುವುದಿಲ್ಲವೆಂದು ಸಮಾರ್ ದ್ವೀಪದ ಆ ಕರಾವಳಿಯಲ್ಲಿ ನಂಬುತ್ತಾರೆ. ನಂಬದವರೂ ತೊಡಿಸುತ್ತಾರೆ, ಸುಮ್ಮನೆ ಯಾಕೆ ಬೇಕು ರಗಳೆ ಎಂದು.

"ಇಸ್ಕಾಗೂ ಒಂದು ಹಾಕ್ರೇ," ಎಂದಳು ತೋಯಾಂಗ್ ಮುದುಕಿ. ಊರಿನ ಸಾವುಗಳಿಗೆಲ್ಲ ಜಪಮಾಲೆ ಹಿಡಿದು ಪ್ರಾರ್ಥನೆ ಹೇಳಿಸುವವಳು ಅವಳೇ. ಹಾಗಾಗಿ ಸತ್ತವರ ಮನೆಯಲ್ಲಿ ಯಜಮಾನಿಕೆಯೂ ಅವಳದೇ.

"ಅವಳು ನಮ್ಮನೆ ಮಗು ಅಲ್ವಲ್ಲ," ಎಂದಳು ಕೋರಿಂಗ್. ಸತ್ತ ಪಿಲಿಂಗಳ ಮಗಳು ಇವಳು. ಸೆಬು ನಗರದ ಲಾಂಡ್ರಿಯೊಂದರಲ್ಲಿ ಕೆಲಸ. ತಾಯಿಯ ಸುದ್ದಿ ತಿಳಿದು ಹಡಗು ಹತ್ತಿ ಬಂದಿದ್ದಳು.

"ಅದನ್ನ ನಿಮ್ಮಮ್ಮಂಗೆ ಹೇಳು. ಅಲ್ಲೇ ಮಲಗಿದಾಳೆ, ಎಲ್ಲೂ ಹೋಗಲ್ಲ."

ಕೋರಿಂಗ್ ತುಟಿ ಬಿಗಿದುಕೊಂಡು ಅಂಗಿ ತೆಗೆದುಕೊಂಡಳು. ಇಸ್ಕಾ ಶವಪೆಟ್ಟಿಗೆಯ ಪಕ್ಕದ ಚಾಪೆಯ ಮೇಲಿದ್ದಳು. ಎಂಟು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ; ಮಾತೂ ತಡೆದು ತಡೆದು ಬರುತ್ತದೆ. ಕೋರಿಂಗ್ ಅವಳ ತೋಳು ಹಿಡಿದಳೋ ಇಲ್ಲವೋ, ಹುಡುಗಿಯ ಮೈ ಹಲಗೆಯ ಹಾಗೆ ಸೆಟೆದುಕೊಂಡಿತು. ಎಳೆದಷ್ಟೂ ಸೆಟೆಯಿತು.

"ನೋಡು ಹಟ ಇದರದ್ದು," ಎಂದಳು ಕೋರಿಂಗ್. ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತು. "ಇದಕ್ಕೇ ನಾನು ಹೇಳಿದ್ದು. ಇಲ್ಲಿ ಯಾರಿಗೂ ಇವಳನ್ನ ಹಿಡಿಯೋಕೇ ಬರಲ್ಲ. ಸಿಸ್ಟರುಗಳ ಆಶ್ರಮದಲ್ಲಿ ಕಲಿತವರು ಇರ್ತಾರೆ. ಮಣ್ಣಾದ ಮೇಲೆ ವ್ಯಾನ್ ಬರುತ್ತೆ, ಕಳಿಸಿಬಿಡೋಣ. ಏನಂತೀಯ, ಲೂಡಿ?"

"ಹೂಂ, ಅಕ್ಕ," ಎಂದಳು ತಮ್ಮನ ಹೆಂಡತಿ ಲೂಡಿ. ಅವಳ ಬೆರಳುಗಳು ಲಂಗದ ಅಂಚನ್ನು ಮುದುರಿ ಹಿಡಿದಿದ್ದವು. ತೋಳು ಮೊದಲಲ್ಲ, ಮೊಣಕಾಲು ಮೊದಲು. ಅಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದರೆ ತನ್ನ ಕಥೆ ಮುಗಿಯಿತೆಂದು ಅವಳಿಗೆ ಗೊತ್ತಿತ್ತು. ಅವಳು ಮಗನನ್ನು ಹುಡುಕುವ ನೆಪ ಮಾಡಿ ಹೊರಗೆ ಹೋದಳು.

\* \* \*

ಇಸ್ಕಾಳ ತಾಯಿ ಪಿಲಿಂಗಳ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದವಳು. ಮನಿಲಾದಲ್ಲಿ ಕೆಲಸ ಸಿಕ್ಕಿದೆ, ಕ್ರಿಸ್ಮಸ್ಸಿಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ಕೂಸನ್ನು ಬಿಟ್ಟುಹೋದಳು. ಕ್ರಿಸ್ಮಸ್ ಬಂತು, ಅವಳು ಬರಲಿಲ್ಲ. ಪಿಲಿಂಗ್ ಯಾರನ್ನೂ ಬೈಯಲಿಲ್ಲ. ಮೀನು ಒಣಗಿಸುವ ಬಿದಿರು ತಟ್ಟಿಗಳ ಪಕ್ಕ ಒಂದು ತಗ್ಗು ಮಣೆ ಹಾಕಿ, ಕೂಸನ್ನು ಮಡಿಲಲ್ಲಿಟ್ಟುಕೊಂಡೇ ಮೀನು ಸೀಳಿದಳು, ಉಪ್ಪು ಹಚ್ಚಿದಳು.

ಹೋದ ವರ್ಷ ಅವಳ ಕೈ ನಡುಗತೊಡಗಿತು. ಒಂದು ಬೆಳಿಗ್ಗೆ ಸೊಸೆಯನ್ನು ಕರೆದಳು.

"ಇಲ್ಲಿ ಬಾ. ಇವಳಿಗೆ ಸ್ನಾನ ಮಾಡಿಸೋದು ಕಲಿ."

"ನನಗೆ ನನ್ನವೇ ಎರಡಿವೆ, ಅಮ್ಮ. ನಿಮ್ಮ ಮಗನ್ನೂ ಸೇರಿಸಿದ್ರೆ ಮೂರು."

"ಬೈಕೊಂಡೇ ಕಲಿ, ಬೇಡ ಅಂದೋರ್ಯಾರು? ನೋಡು, ಇವಳು ಹಟ ಮಾಡಲ್ಲ. ಮೈ ಹೆದರುತ್ತೆ, ಅಷ್ಟೇ. ಮೊಣಕಾಲು ಮೊದಲು ಮಡಚು. ಕತ್ತಿನ ಹಿಂದೆ ಅಂಗೈ ಇಡು, ಮೆಲ್ಲಗೆ ಊದು. ಆಮೇಲೆ ತೋಳು ತಾನಾಗೇ ಬರುತ್ತೆ."

ಲೂಡಿ ಊದಿದಳು. ಬಿಗಿದ ಮೈ ಸಡಿಲಾಗಿ ಹುಡುಗಿಯ ತಲೆ ಅವಳ ಭುಜದ ಮೇಲೆ ಬಿತ್ತು. ಬಿಸಿಯಾಗಿತ್ತು. ಲೂಡಿಗೆ ಯಾಕೋ ಭಯವಾಯಿತು.

"ನನಗೆ ಬರುತ್ತೆ ಅಂತ ಯಾರಿಗೂ ಹೇಳ್ಬೇಡಿ," ಎಂದಳು. "ಗೊತ್ತಾದ್ರೆ ನನ್ನ ತಲೆಗೇ ಕಟ್ತಾರೆ."

"ನಾನ್ಯಾಕೆ ಹೇಳ್ಲಿ?" ಎಂದು ಪಿಲಿಂಗ್ ನಕ್ಕಳು. ಕೊಟ್ಟ ಮಾತು ಉಳಿಸಿಕೊಂಡು ಸತ್ತಳು.

\* \* \*

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಗುಂಡಿಯ ಅಂಚಿನ ಹಲಗೆಗಳ ಮೇಲಿಟ್ಟರು. ಇಳಿಸುವ ಮುಂಚೆ ಮನೆಯ ಮಕ್ಕಳನ್ನು ಅದರ ಮೇಲಿಂದ ದಾಟಿಸಬೇಕು. ಈ ಕಡೆಯಿಂದ ಲೂಡಿಯ ಗಂಡ ಡೊಮೆಂಗ್ ಎತ್ತಿ ಕೊಟ್ಟ, ಆ ಕಡೆಯಿಂದ ಅವನ ಅಕ್ಕ ಕೋರಿಂಗ್ ತೆಗೆದುಕೊಂಡಳು. ಲೂಡಿಯ ಮಗಳು ದಾಟಿದಳು. ಮಗ ಕಾಲು ಜಾಡಿಸುತ್ತ ದಾಟಿದ.

"ಇನ್ನೊಬ್ಬಳು," ಎಂದಳು ತೋಯಾಂಗ್.

ಯಾರೂ ಅಲುಗಲಿಲ್ಲ. ಗೇಟಿನ ಹೊರಗೆ ಆಶ್ರಮದ ಬಿಳಿ ವ್ಯಾನ್ ಆಗಲೇ ಬಂದು ನಿಂತಿತ್ತು. ಇಸ್ಕಾಳ ಮೈಮೇಲೆ ಕೆಂಪಂಗಿಯನ್ನು ಶಾಲಿನ ಹಾಗೆ ಹೊದಿಸಿದ್ದರು. ತೋಳು ಕೊನೆಗೂ ತೂರಿರಲಿಲ್ಲ.

"ಎತ್ತೋ ಡೊಮೆಂಗ್. ನಿಮ್ಮಮ್ಮ ಕಾಯ್ತಿದಾಳೆ," ಎಂದಳು ತೋಯಾಂಗ್.

ಡೊಮೆಂಗ್ ಅಕ್ಕನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಇಲ್ಲವೆನ್ನಲು ಬಾರದ ಮನುಷ್ಯ ಅವನು. ಕಂಕುಳಿಗೆ ಕೈಹಾಕಿ ಎತ್ತಿದ. ಪೆಟ್ಟಿಗೆಯ ಮೇಲೆ ಬಂದದ್ದೇ ಹುಡುಗಿಯ ಮೈ ಬಿಲ್ಲಿನಂತೆ ಹಿಂದಕ್ಕೆ ಬಾಗಿತು. ಕೋರಿಂಗ್ ಕಾಲು ಹಿಡಿದು ಎಳೆದಳು.

"ಜಾರ್ತಿದಾಳೆ, ಅಕ್ಕ. ಗಟ್ಟಿಯಾಗಿ ಹಿಡ್ಕೋ."

"ಹಿಡಿದಿದೀನಿ. ಆಗ್ತಿಲ್ಲ ಕಣೋ."

ಹಲಗೆ ಕಿರ್ರೆಂದಿತು. ಇಸ್ಕಾ ಅಳಲಿಲ್ಲ; ಬಾಯಿ ತೆರೆದು ಉಸಿರು ಹಿಡಿದಿದ್ದಳು. ಕೆಂಪಂಗಿ ಜಾರಿ ಗುಂಡಿಗೆ ಬಿತ್ತು.

"ಮೊಣಕಾಲು ಮೊದಲು," ಎಂದಳು ಲೂಡಿ.

ಅಷ್ಟರಲ್ಲಿ ಅವಳು ಆ ಕಡೆ ಸುತ್ತಿ ಬಂದು ಕೋರಿಂಗಳನ್ನು ಪಕ್ಕಕ್ಕೆ ತಳ್ಳಿದ್ದಳು. ಮೊಣಕಾಲ ಕೆಳಗೆ ತೋಳು ತೂರಿಸಿ ಮಡಚಿದಳು, ಕತ್ತಿನ ಹಿಂದೆ ಅಂಗೈ ಇಟ್ಟು ಊದಿದಳು. ಸೆಟೆದ ಮೈ ಸಡಿಲಾಯಿತು. ಹುಡುಗಿ ಪೆಟ್ಟಿಗೆಯನ್ನು ದಾಟಿ ಬಂದು ಅವಳ ಸೊಂಟದ ಮೇಲೆ ಕೂತಳು.

ಎಲ್ಲರೂ ನೋಡುತ್ತಿದ್ದರು.

"ನಿನಗೆ ಬರ್ತಿತ್ತಾ?" ಎಂದಳು ಕೋರಿಂಗ್.

"ಬರ್ತಿತ್ತು."

"ಮತ್ತೆ ಬೆಳಿಗ್ಗೆ..."

"ಬೆಳಿಗ್ಗೆ ಬರ್ತಿರ್ಲಿಲ್ಲ ಅಂದ್ಕೋ, ಅಕ್ಕ."

ಕೋರಿಂಗ್ ಏನೋ ಹೇಳಹೊರಟವಳು ತಾಯಿಯ ಪೆಟ್ಟಿಗೆಯನ್ನು ನೋಡಿ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ತಾನೇ ಗೇಟಿನ ಕಡೆ ನಡೆದಳು. ಸ್ವಲ್ಪ ಹೊತ್ತಿಗೆ ವ್ಯಾನ್ ಖಾಲಿಯಾಗಿಯೇ ತಿರುಗಿ ಹೋಯಿತು.

ಮಣ್ಣು ಮಾಡಿ ಬಂದವರು ನೇರ ಮನೆಗೆ ಹೋಗಬಾರದು. ನಡುವೆ ಎಲ್ಲಾದರೂ ಕೂತು ಏನಾದರೂ ತಿಂದರೆ ಹಿಂಬಾಲಿಸುವ ಜೀವಕ್ಕೆ ದಾರಿ ತಪ್ಪುತ್ತದೆ. ಎಲ್ಲರೂ ಚರ್ಚಿನ ಎದುರಿನ ಗಂಜಿ ಅಂಗಡಿಗೆ ನುಗ್ಗಿದರು. ಶುಂಠಿಯ ಘಮ ಬೀದಿಗೆ ಬರುತ್ತಿತ್ತು. ಡೊಮೆಂಗ್ ಇಬ್ಬರು ಮಕ್ಕಳನ್ನು ಬೆಂಚಿಗೆ ಹತ್ತಿಸಿ, ಹೆಂಡತಿಗೂ ಜಾಗ ಹಿಡಿದ.

ಲೂಡಿ ಹೊಸ್ತಿಲ ಬಳಿ ನಿಂತಳು. ಇಸ್ಕಾ ಅವಳ ಕಿವಿಯ ಹತ್ತಿರ ತಡವರಿಸಿದಳು.

"ಅ... ಅಜ್ಜಿ ಬರಲ್ವಾ?"

"ಅಜ್ಜಿ ಬರ್ದೇ ಇರ್ಲಿ ಅಂತಾನೇ ನಿನ್ನ ದಾಟಿಸಿದ್ದು ಕಣೆ."

ಹುಡುಗಿಯ ಮೈ ಮತ್ತೆ ಬಿಗಿಯತೊಡಗಿತು.

ಲೂಡಿ ಅಂಗಡಿಯ ಒಳಗೊಮ್ಮೆ ನೋಡಿ ರಸ್ತೆಗಿಳಿದಳು.

"ಲೂಡೀ, ಎಲ್ಲಿಗೇ?" ತೋಯಾಂಗ್ ಬಟ್ಟಲು ಹಿಡಿದೇ ಬಾಗಿಲಿಗೆ ಬಂದಳು. "ನೇರ ಮನೆಗೆ ಹೋಗ್ಬೇಡ ಕಣೇ. ಪಿಲಿಂಗ್ ಹಿಂದೇನೇ ಬಂದ್ಬಿಡ್ತಾಳೆ."

"ಬರ್ಲಿ," ಎಂದಳು ಲೂಡಿ. "ಇದು ಒಬ್ಬಳ ಕೈಲಾಗೋ ಕೆಲಸಾನಾ?"

ಬಿಸಿಲು ಏರಿತ್ತು. ಮೀನಿನ ತಟ್ಟಿಗಳನ್ನು ದಾಟಿ, ಕಾಲಿನಿಂದ ಬಾಗಿಲು ತಳ್ಳಿ ಒಳಗೆ ಹೋದಳು. ಒಳಗೆ ತಂದಿಟ್ಟಿದ್ದ ಅಜ್ಜಿಯ ತಗ್ಗು ಮಣೆಯ ಪಕ್ಕ ಇಸ್ಕಾಳನ್ನು ಕೂರಿಸಿದಳು. ಮಣೆಯ ಮೇಲೆ ತಾನು ಕೂರಲಿಲ್ಲ. ಬಾಗಿಲನ್ನು ಹಾಗೇ ತೆರೆದಿಟ್ಟು ಸ್ನಾನಕ್ಕೆ ನೀರು ತರಲು ಹೋದಳು.