ಒಂದು ಬೆರಳು ಕಮ್ಮಿ

“ಕಾಲು! ಮತ್ತೆ ಯಾಕಮ್ಮ ಕಾಲು ಬಡೀತೀಯ?”

ಗಾಜಿನ ಆಚೆಯಿಂದ ನಿರ್ದೇಶಕ ಹ್ಯಾನ್ಸಕರ್ ಕೂಗಿದ. ಧ್ವನಿ ಕೋಣೆಯ ಕೆಂಪು ದೀಪ ಆರಿತು. ವರ್ನಾ ತನ್ನ ಬಲಗಾಲನ್ನು ನೋಡಿಕೊಂಡಳು. ಅದು ಅವಳಿಗೆ ಗೊತ್ತಾಗದ ಹಾಗೆ ಮರದ ನೆಲವನ್ನು ಎರಡು ಸಲ ಗುದ್ದಿತ್ತು. ಬೆಳಗಿನಿಂದ ಇದು ಐದನೆಯ ಸಲ.

“ತಪ್ಪಾಯ್ತು ಸಾರ್.”

“ಇದು ಕರಡಿ ಮರಿ ಕಣಮ್ಮ, ಕುದುರೆ ಅಲ್ಲ. ನಂಗೆ ನಿನ್ನ ಬಾಯಿ ಸಾಕು. ಕೈಕಾಲು ಬರೆಯೋಕೆ ಮಹಡಿ ಮೇಲೆ ನಲವತ್ತು ಜನ ಕೂತಿದಾರೆ.”

ಕಾರ್ಟೂನ್ ಚಿತ್ರದ ಈ ಭಾಗದಲ್ಲಿ ಮರಿಗೆ ಇದ್ದದ್ದು ಒಂದೇ ಮಾತು. ಚಳಿಗಾಲದ ನಿದ್ದೆಯಿಂದ ಅದು ಮೊದಲು ಏಳುತ್ತದೆ. ಗವಿಯ ಹೊರಗೆ ಹಿಮ ಕರಗಿದೆ. ತಾಯಿ ಕರಡಿ ಮಾತ್ರ ಎಷ್ಟು ಕರೆದರೂ ಏಳುತ್ತಿಲ್ಲ. “ಅಮ್ಮಾ, ಏಳು. ನೋಡು ಬಾ.” ಅಷ್ಟೇ. ನಡುವೆ ಒಂದು ಸಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಾಲು ಜೋಡಿಸಿ ನಿಂತು ಹೇಳಿ ನೋಡಿದ್ದಳು. ಆ ಮಾತು ಅಂಗಡಿಯಲ್ಲಿ ಸಕ್ಕರೆ ಕೇಳಿದ ಹಾಗಿತ್ತು.

ಮೂಲೆಯ ಸ್ಟೂಲಿನ ಮೇಲೆ ಓರ್ವಿಲ್ ಕೂತಿದ್ದ. ಕರಡಿ ಮರಿಯ ಚಿತ್ರಗಳನ್ನು ಬರೆಯುವವನು ಅವನೇ. ತೊಡೆಯ ಮೇಲೆ ಹಾಳೆಗಳ ಕಟ್ಟು, ಕಿವಿಯ ಸಂದಿಯಲ್ಲಿ ಒಂದು ಪೆನ್ಸಿಲ್, ಕೈಯಲ್ಲಿ ಇನ್ನೊಂದು.

“ಬಡೀಲಿ ಬಿಡಿ ಸಾರ್,” ಅಂದ. “ಮರಿ ಕೈಲೂ ಕಾಲು ಬಡಿಸ್ತೀನಿ, ಅಷ್ಟೇ ತಾನೆ? ಅವರನ್ನ ಕಟ್ಟಿ ನಿಲ್ಲಿಸಿದ್ರೆ ದನಿ ಸತ್ತೇಹೋಗುತ್ತೆ.”

ಕೆಂಪು ದೀಪ ಹತ್ತಿತು. ವರ್ನಾಳ ಕಾಲು ನೆಲವನ್ನು ಎರಡು ಸಲ ಬಡಿಯಿತು. ಕೈ ಗಲ್ಲಕ್ಕೆ ಹೋಯಿತು, ಅಲ್ಲಿಂದ ಇನ್ನೊಂದು ಅಂಗೈಗೆ ಇಳಿಯಿತು. ಅದರ ಜೊತೆಗೇ ದನಿ ಬಂತು. ಇಪ್ಪತ್ತಾರು ವರ್ಷದ ಹೆಂಗಸಿನ ಗಂಟಲಲ್ಲಿ ಅಷ್ಟು ಎಳೆಯ ದನಿ ಎಲ್ಲಿತ್ತೋ. ಮುಗಿದ ಮೇಲೆ ಗಾಜಿನ ಆಚೆ ಹ್ಯಾನ್ಸಕರ್ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ.

“ಇದೇ ಇರ್ಲಿ,” ಅಂದ, ಮೆಲ್ಲಗೆ.

ಹೊರಗೆ ಬರುವಾಗ ಓರ್ವಿಲ್ ಕೇಳಿದ. “ಕಾಲು ಬಡಿಯೋದು ಎಲ್ಲಿ ಕಲಿತ್ರಿ?”

“ಮನೇಲಿ,” ಅಂದಳು ವರ್ನಾ.

ಮನೆಯಲ್ಲಿ ಅಮ್ಮನನ್ನು ಕರೆಯಲು ಬೇರೆ ದಾರಿಯೇ ಇರಲಿಲ್ಲ. ಅಮ್ಮ ಹುಲ್ಡಾಗೆ ಹುಟ್ಟಿನಿಂದ ಕಿವಿ ಕೇಳದು. ಪತ್ರಿಕೆಯ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಅಪ್ಪನಿಗೂ ಕೇಳುತ್ತಿರಲಿಲ್ಲ. ನೆಲ ಅದುರಿದರೆ ಅವರು ತಿರುಗುತ್ತಿದ್ದರು, ಆಮೇಲೆ ಕೈಮಾತು. ಆ ಮನೆಯಲ್ಲಿ ಮಗು ಎಷ್ಟು ಗಲಾಟೆ ಮಾಡಿದರೂ ಗದರುವವರಿಲ್ಲ. ವರ್ನಾ ಇಡೀ ದಿನ ಬೆಕ್ಕಿನ ಜಗಳವಾಡಿದಳು, ತೊಟ್ಟಿಕ್ಕುವ ನಲ್ಲಿಯಾದಳು, ಪಕ್ಕದ ಮನೆಯ ಮುದುಕಿಯಾಗಿ ಕೆಮ್ಮಿದಳು. ಊಟಕ್ಕೆ ಕೂತಾಗ ಸೂಪಿನ ತಟ್ಟೆಯೊಳಗೆ ರೈಲು ಓಡಿಸಿದಳು. ಅಪ್ಪ ಅಮ್ಮ ನಗುತ್ತಾ ಅವಳಿಗೆ ಬ್ರೆಡ್ಡು ಬಡಿಸುತ್ತಿದ್ದರು.

ದೊಡ್ಡವಳಾದ ಮೇಲೆ ಅದೇ ಹೊಟ್ಟೆಪಾಡಾಯಿತು. ಮೊದಲು ನಾಟಕಗಳಲ್ಲಿ ಹಕ್ಕಿ, ಪ್ರಾಣಿಗಳ ಕೂಗು. ಆಮೇಲೆ ರೇಡಿಯೋ. ಚಿತ್ರಗಳು ಮಾತಾಡತೊಡಗಿದ ಮೇಲೆ ಈ ಸ್ಟುಡಿಯೋ. ಮೂರು ವರ್ಷದಲ್ಲಿ ಅವಳು ಬಾತುಮರಿ, ಇಲಿ, ಕುದಿಯುವ ಕೆಟಲು, ಒಮ್ಮೆ ಅಳುವ ಕೊಡೆಯೂ ಆಗಿದ್ದಳು. ತೆರೆಯ ಮೇಲೆ ಹೆಸರು ಹಾಕುತ್ತಿರಲಿಲ್ಲ. ಬೀದಿಯ ಕೊನೆಯ ದಿನಸಿಯವನು ಅವಳ ಇಲಿಯ ದನಿಯನ್ನು ಅವಳ ಮುಂದೆಯೇ ಅನುಕರಿಸಿ, “ನಿಮಗೆಲ್ಲಿ ಬರುತ್ತೆ ಬಿಡಿ ಇದು!” ಎಂದು ಹಲ್ಲು ಕಿರಿಯುತ್ತಿದ್ದ.

ಅಮ್ಮನಿಗೂ ಹೇಳಿರಲಿಲ್ಲ. ಅದಕ್ಕೆ ಕಾರಣವಿತ್ತು.

ಮೂಕಿ ಚಿತ್ರಗಳ ಕಾಲದಲ್ಲಿ ತಾಯಿ ಮಗಳು ಒಂದು ಶನಿವಾರವೂ ತಪ್ಪಿಸಿದವರಲ್ಲ. ತೆರೆಯ ಮೇಲೆ ಮಾತುಗಳು ಅಕ್ಷರದಲ್ಲಿ ಬರುತ್ತಿದ್ದವು. ಅಲ್ಲದೆ ಹುಲ್ಡಾಗೆ ತುಟಿ ಓದಲು ಬರುತ್ತಿತ್ತು. ‘ನನ್ನ ಪ್ರಾಣವೇ’ ಎಂದು ಅಕ್ಷರ ಮೂಡುವಾಗ ನಾಯಕ ನಿಜಕ್ಕೂ ಹೇಳುತ್ತಿದ್ದದ್ದು, “ಬೆಳ್ಳುಳ್ಳಿ ತಿಂದ್ಕೊಂಡು ಬರಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ?” ಇಡೀ ಸಭೆ ಕಣ್ಣೊರೆಸಿಕೊಳ್ಳುತ್ತಿದ್ದರೆ ಹುಲ್ಡಾ ಒಬ್ಬಳೇ ಬಿದ್ದು ಬಿದ್ದು ನಗುತ್ತಿದ್ದಳು. ಮಾತಿನ ಚಿತ್ರಗಳು ಬಂದವು, ಅಕ್ಷರಗಳು ಹೋದವು. ನಟರು ಬೆನ್ನು ತಿರುಗಿಸಿಕೊಂಡು ಮಾತಾಡತೊಡಗಿದರು. ಒಮ್ಮೆ ಬಂದ ಹುಲ್ಡಾ ಅರ್ಧದಲ್ಲೇ ಕೋಟು ಹಾಕಿಕೊಂಡು ಎದ್ದಳು. “ನಮ್ಮನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೊಂಡ್ರು ಕಣೆ,” ಎಂದು ಬೀದಿಯಲ್ಲಿ ನಿಂತು ಕೈಯಲ್ಲಿ ಹೇಳಿದ್ದಳು.

ಆ ಬಾಗಿಲ ಒಳಗೆ ನಿಂತು ಮಗಳು ಉಣ್ಣುತ್ತಿದ್ದಳು. ಚಿತ್ರಗಳಿಗೆ ಬಣ್ಣ ಹಚ್ಚುತ್ತೇನೆ ಎಂದು ಸುಳ್ಳು ಹೇಳಿದ್ದಳು. “ಬಣ್ಣ ಹಚ್ಚೋಳ ಉಗುರು ಇಷ್ಟು ಚೊಕ್ಕಟನಾ?” ಎಂದು ಅಮ್ಮ ಒಮ್ಮೆ ಕೇಳಿದ್ದೇ ಸರಿ, ಅಂದಿನಿಂದ ಮನೆಗೆ ಹೊರಡುವ ಮುಂಚೆ ಬಣ್ಣ ಹಚ್ಚುವ ಹೆಂಗಸರ ಮೇಜಿಗೆ ಹೋಗಿ ಬೆರಳ ತುದಿ ಅದ್ದಿಕೊಳ್ಳುತ್ತಿದ್ದಳು.

ಕರಡಿ ಮರಿಯ ಚಿತ್ರ ಮುಗಿದಾಗ ಓರ್ವಿಲ್ ಎರಡು ಟಿಕೆಟು ತಂದುಕೊಟ್ಟ. “ಮನೆಯವರನ್ನ ಕರ್ಕೊಂಡು ಹೋಗಿ.”

ಹುಲ್ಡಾ ಒಪ್ಪಲಿಲ್ಲ. “ಅಲ್ಲಿ ಬಂದು ನಾನೇನ್ ಮಾಡ್ಲಿ? ಬೆನ್ನು ನೋಡ್ಲಾ?”

“ಮನುಷ್ಯರಿಲ್ಲಮ್ಮ ಅದರಲ್ಲಿ. ಬರೀ ಕರಡಿ. ಎಂಟೇ ನಿಮಿಷ.”

“ನೀನು ಬಣ್ಣ ಹಚ್ಚಿದ್ದಾ?”

ವರ್ನಾ ಹೌದೆಂದು ತಲೆಯಾಡಿಸಿದಳು.

ಶನಿವಾರ ಮಧ್ಯಾಹ್ನದ ಆಟ. ಸಾವಿರ ಕುರ್ಚಿಯ ಸಭಾಂಗಣ ತುಂಬಿತ್ತು. ದೀಪ ಆರಿ ತೆರೆ ಬೆಳಗಿತು. ಗವಿ, ಒಣಎಲೆಯ ಹಾಸಿಗೆ, ಬೆಟ್ಟದಂತೆ ಮಲಗಿದ ತಾಯಿ ಕರಡಿ. ಮರಿ ಹೊರಗೆ ಓಡಿ ನೀರಾದ ಹಿಮವನ್ನು ನೋಡಿತು. ಒಳಗೆ ಓಡಿಬಂತು. ತಾಯಿಯ ಮುಂದೆ ನಿಂತಿತು. ನೆಲವನ್ನು ಎರಡು ಸಲ ಬಡಿಯಿತು.

ಕಾಲು ಮಾತ್ರವಲ್ಲ. ಮರಿಯ ಕೈ ಮೇಲೆದ್ದು, ಕಾರ್ಟೂನಿನ ನಾಲ್ಕೇ ಬೆರಳು ಬಿಡಿಸಿ, ಹೆಬ್ಬೆರಳಿನಿಂದ ಗಲ್ಲ ಮುಟ್ಟಿತು: ಅಮ್ಮ. ಎರಡು ಬೆರಳು ಅಂಗೈ ಮೇಲೆ ಎದ್ದು ನಿಂತವು: ಏಳು. ಓರ್ವಿಲ್‌ಗೆ ಆ ಕೈಮಾತಿನ ಅರ್ಥ ಗೊತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದ. ನೂರಾರು ಹಾಳೆಗಳ ಈ ಆಟ ಅವಳಿಗೆ ಮೂರು ವರ್ಷದಿಂದ ಗೊತ್ತು. ಆದರೂ ಅವಳಿಗೆ ಅಲ್ಲಿ ಹಾಳೆ ಕಾಣಲಿಲ್ಲ. ಜೀವವೊಂದು ನಿಂತು ತನ್ನ ತಾಯಿಯನ್ನು ಕರೆಯುತ್ತಿತ್ತು.

ಹುಲ್ಡಾ ಮಗಳ ಮಣಿಕಟ್ಟು ಹಿಡಿದಳು. ಆಮೇಲೆ ಬಿಟ್ಟು, ತೆರೆಯ ಬೆಳಕಿಗೆ ಕೈ ಎತ್ತಿದಳು.

“ಇದಕ್ಕೆ ನಮ್ಮ ಮಾತು ಬರುತ್ತೆ!”

ಹುಲ್ಡಾ ಮತ್ತೆ ಮರಿಯ ಕೈ ನೋಡಿದಳು.

“ಒಂದು ಬೆರಳು ಕಮ್ಮಿ ಇದೆ. ಆದ್ರೆ ಇದು ನಿನ್ನ ಕೈ ಕಣೆ. ಮೂರು ವರ್ಷದವಳಿದ್ದಾಗಿಂದ ಹೆಬ್ಬೆರಳು ಹೀಗೇ ಸೊಟ್ಟ ಇಡೋಳು ನೀನು.” ತಡೆದು ಕೇಳಿದಳು, “ನೀನು ಬಣ್ಣ ಹಚ್ಚೋದಲ್ಲ, ಅಲ್ವಾ?”

“ಅಲ್ಲಮ್ಮ. ಮರಿಗೆ ಮಾತು ಕೊಡೋದು ನಾನು. ಅದರ ದನಿ ನಂದು. ಮೂರು ವರ್ಷದಿಂದ ಇದೇ ಕೆಲಸ.”

ಅಮ್ಮನ ಕೈಗಳು ಮಡಿಲಿಗೆ ಇಳಿದವು. ವರ್ನಾ ಹೆದರಿದ್ದದ್ದು ಈ ಗಳಿಗೆಗೇ. ಆದರೆ ಹುಲ್ಡಾ ಅಂದಿನ ಹಾಗೆ ಕೋಟಿಗೆ ಕೈ ಹಾಕಲಿಲ್ಲ. ತೆರೆಗೆ ಬೆನ್ನು ಮಾಡಿ, ಕುರ್ಚಿಯ ಬೆನ್ನಿಗೆ ತೋಳೂರಿ, ಹಿಂದೆ ಕೂತ ಜನರನ್ನು ನೋಡತೊಡಗಿದಳು. ಸಾಲು ಸಾಲಾಗಿ ಬೆಳ್ಳಗೆ ಬೆಳಗಿದ ಮುಖಗಳು. ಹ್ಯಾಟು ತೊಡೆಯ ಮೇಲಿಟ್ಟ ಗಂಡಸರು, ಬಾಯಿಗೆ ಕೈ ಒತ್ತಿಕೊಂಡ ಹೆಂಗಸರು. ತೆರೆಯ ಮೇಲೆ ತಾಯಿ ಕರಡಿ ಒಂದು ಕಣ್ಣು ತೆರೆದಿರಬೇಕು, ಸಾವಿರ ಬಾಯಿಗಳು ಒಟ್ಟಿಗೇ ತೆರೆದುಕೊಂಡವು.

“ಇಷ್ಟೂ ಜನಕ್ಕಾ?” ಎಂದವು ಹುಲ್ಡಾಳ ಕೈಗಳು. “ಇಷ್ಟೂ ಜನಕ್ಕೆ ಕೇಳಿಸ್ತಿದೀಯಾ ನೀನು?”

“ಮುಂದೆ ತಿರುಗಿ ಕೂತ್ಕೊಳ್ರೀ!” ಹಿಂದಿನ ಸಾಲಿನವಳು ಗದರಿದಳು. ಹುಲ್ಡಾ ಅವಳಿಗೂ ನಕ್ಕು ತಲೆಬಾಗಿದಳು. ಚಿತ್ರ ಮುಗಿಯುವ ತನಕ ತಿರುಗಲೇ ಇಲ್ಲ.

ಆಮೇಲೆ ಇದ್ದ ಮುಖ್ಯ ಚಿತ್ರಕ್ಕೆ ಅವರು ಕೂರಲಿಲ್ಲ. ಟ್ರಾಮಿನಲ್ಲಿ ಕಿಟಕಿಯ ಪಕ್ಕ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಹುಲ್ಡಾ ಕೈಗವಸು ತೆಗೆದು, ಮಗಳ ಕಾಲರು ಸರಿಸಿ, ಅಂಗೈಯನ್ನು ಅವಳ ಗಂಟಲಿನ ಮೇಲಿಟ್ಟಳು. ಇನ್ನೊಂದು ಕೈಯಲ್ಲಿ ಹೇಳಿದಳು. “ಮಾತಾಡು.”

ವರ್ನಾ ಕಿಟಕಿಯಾಚೆ ಸರಿದುಹೋಗುತ್ತಿದ್ದ ಬೋರ್ಡುಗಳನ್ನು ಜೋರಾಗಿ ಓದತೊಡಗಿದಳು. ಹಲ್ಲಿನ ಡಾಕ್ಟರು. ಟೋಪಿಗಳ ಅಂಗಡಿ. ಹಳೆ ಪಿಯಾನೋ ಕೊಳ್ಳಲಾಗುವುದು. ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಹುಲ್ಡಾ ಕಣ್ಣು ಮುಚ್ಚಿಕೊಂಡಳು. ಟ್ರಾಮು ನದಿಯ ಸೇತುವೆಗೆ ಬಂತು, ಓದಲು ಬೋರ್ಡುಗಳು ಮುಗಿದವು. ವರ್ನಾ ದನಿಯನ್ನು ನಿಲ್ಲಿಸದೆ ಸುಮ್ಮನೆ ಒಂದು ರಾಗವಾಗಿ ಎಳೆದಳು. ಕೆಳಗೆ ಮರಳಿನ ನಡುವೆ ನೀರು ತೆಳ್ಳಗೆ ಹೊಳೆಯುತ್ತಿತ್ತು.