ಛತ್ರದ ಗೋಡೆಗೆ ಹಸಿರು ಬಣ್ಣ

ದೇವರು ಕೆಲವರಿಗೆ ಕಣ್ಣು ಕೊಡುತ್ತಾನೆ, ಕೆಲವರಿಗೆ ಬಾಯಿ. ಅರಕಲಗೂಡಿನ ಸಮುದಾಯ ಪರಿಸರ ಕೇಂದ್ರದ ಅಧ್ಯಕ್ಷ ಪರಮಶಿವಯ್ಯನವರಿಗೆ ಎರಡನೆಯದನ್ನು ಧಾರಾಳವಾಗಿಯೇ ಕೊಟ್ಟಿದ್ದ.

ಕೇಂದ್ರವೆಂದರೆ ಹಳೇ ಛತ್ರ. ರುದ್ರಪಟ್ಟಣದ ಸಂಗೀತಕ್ಕೆ ನಡೆದು ಹೊರಟವರು ತಂಬೂರಿ ಒರಗಿಸಿ ದಣಿವಾರಿಸಿಕೊಳ್ಳುತ್ತಿದ್ದ ಜಾಗ. ಈಗ ಅಲ್ಲಿ ಗಿಡ ನೆಡುವ ಭಾಷಣಗಳಾಗುತ್ತವೆ. ಗಿಡಗಳು ಬೋರ್ಡಿನ ಮೇಲೆ ಸೊಂಪಾಗಿ ಬೆಳೆದಿವೆ. ಛತ್ರದ ಗೋಡೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸಿ ಸುಣ್ಣದ ಗಾರೆ ಅರೆದು ಮೆತ್ತಿದವನು ಗಾರೆ ಕೆಲಸದ ಕೆಂಚಯ್ಯನ ಅಪ್ಪ. ಸಾಯುವಾಗ ಮಗನ ಕೈಗೆ ಕರಣೆ ಕೊಟ್ಟು, "ವರ್ಸಕ್ಕೊಂದು ಕಿತ ಸುಣ್ಣ ಬಳಿ ಕಣ್ಲಾ, ಕೂಲಿ ಕೇಳ್ಬ್ಯಾಡ" ಅಂದಿದ್ದ. ಅಂದಿನಿಂದ ಪ್ರತಿ ಯುಗಾದಿಯ ಹಿಂದಿನ ದಿನ ಕೆಂಚಯ್ಯ ಮಿಂದು, ಶಿವನ ಹೆಸರು ಹೇಳಿ ಬಳಿಯುತ್ತ ಬಂದ.

ಈ ವರ್ಷ ಸುಣ್ಣದ ಗುಡಾಣ ಹೊತ್ತು ಹೋದರೆ ಬಾಗಿಲಲ್ಲಿ ಪೇಂಟಿನ ಡಬ್ಬಗಳು. ಕಟ್ಟಡವನ್ನು ಪಾರಂಪರಿಕ ಪಟ್ಟಿಗೆ ಸೇರಿಸಲು ಹಾಸನದಿಂದ ನೋಡುವವರು ಬರುತ್ತಾರಂತೆ.

"ನಿನ್ನ ಸುಣ್ಣ ಒರಗಿದ್ರೆ ಬೆನ್ನಿಗೆ ಅಂಟುತ್ತಯ್ಯ," ಅಂದರು ಪರಮಶಿವಯ್ಯ. "ಇದು ಪ್ಲಾಸ್ಟಿಕ್ ಪೇಂಟು. ಪರಿಸರ ಕೇಂದ್ರಕ್ಕೆ ಹಸಿರಲ್ದೆ ಇನ್ಯಾವ ಬಣ್ಣ?"

"ಗಾರೆ ಗ್ವಾಡೆ ನೆಲದ ತ್ಯಾವ ಈರ್ಕೊಂಡು ಗಾಳೀಗೆ ಬುಡ್ತದೆ ಸೋಮಿ. ಅದು ಉಸ್ರಾಡ್ಬೇಕು. ಮ್ಯಾಲೆ ಪ್ಲಾಸ್ಟಿಕ್ಕು ಒದ್ಸಿದ್ರೆ ನೀರು ಎಲ್ಲಿಗೋದಾತು?"

"ಗೋಡೆಗೆ ಉಬ್ಬಸವೇನಯ್ಯ? ಡಾಕ್ಟ್ರಿಗೆ ತೋರ್ಸು!"

ಸುತ್ತ ನಿಂತಿದ್ದ ಕೇಂದ್ರದ ಸಮಿತಿ ನಕ್ಕಿತು. ಸಮಿತಿಯ ನಗು ಯಾವಾಗಲೂ ಅಧ್ಯಕ್ಷರ ತುಟಿ ನೋಡಿಕೊಂಡೇ ಹುಟ್ಟುವುದು.

ಗೋಡೆ ಗಿಣಿಯ ಬಣ್ಣಕ್ಕೆ ತಿರುಗಿತು. ಬಾಗಿಲ ಪಕ್ಕ ಆಳೆತ್ತರದಲ್ಲಿ ಬರೆಸಿದರು: 'ಪರಂಪರೆ ಉಳಿಸಿ. ಪರಮಶಿವಯ್ಯ, ಅಧ್ಯಕ್ಷರು.' ಹೆಸರು ಪರಂಪರೆಗಿಂತ ಎರಡು ಬೆರಳು ದಪ್ಪ.

ಅಪ್ಪನ ಗೋಡೆ ಕಣ್ಣೆದುರೇ ಹೋಗುತ್ತದಲ್ಲ ಎಂದು ಕೆಂಚಯ್ಯ ಮನೆಗೆ ಬಂದು ಜಗಲಿಯಲ್ಲಿ ಕೂತ. ಹೆಂಡತಿ ಪಾಪಮ್ಮ ಗುಡಾಣಕ್ಕೆ ನೀರು ಹೊಯ್ದು ಮುಚ್ಚಿದಳು. "ಸುಣ್ಣ ನೆನೆದಷ್ಟೂ ಒಳ್ಳೇದು. ಅವ್ರ ಬುದ್ಧೀನೂ ವಸಿ ನೆನೀಲಿ, ಸುಮ್ಕಿರು."

ಆರಿದ್ರೆ ಮಳೆ ಹಿಡಿಯಿತು. ಗೋಡೆ ಬಾಣಲೆಯ ಪೂರಿಯಂತೆ ಉಬ್ಬಿತು. ಮೊದಲು 'ಪರಂಪರೆ' ಒಡೆದು ನೀರು ಸೋರಿತು, ಜೊತೆಗೆ ಅಂಗೈಯಗಲ ಗಾರೆಯೂ ಕಳಚಿತು. ಹಾಸನದವರು ಬರುವುದು ಸೋಮವಾರ. ಶನಿವಾರ ಬೆಳಗ್ಗೆಯೇ ಅಧ್ಯಕ್ಷರು ಕೆಂಚಯ್ಯನ ಜಗಲಿಯಲ್ಲಿ.

"ಒಂಚೂರು ಸಿಮೆಂಟ್ ಮೆತ್ತಿ, ಮೇಲೊಂದು ಕೈ ಹಸಿರು ಎಳೆದುಬಿಡಪ್ಪ."

ಒಳಗಿನಿಂದ ಪಾಪಮ್ಮ ಕೇಳಿದಳು: "ಯಾಕ್ ಸೋಮಿ, ಡಾಕ್ಟ್ರು ಸಿಗ್ನಿಲ್ವಾ?"

ಕೆಂಚಯ್ಯ ನಗಲಿಲ್ಲ. "ಸಿಮೆಂಟು ಮುಟ್ಟಾಕಿಲ್ಲ. ಪೇಂಟ್ ಪೂರಾ ಕೆರೀಬೇಕು. ಗ್ವಾಡೆ ಒಣಗ್ಲಿ, ಆಮ್ಯಾಕೆ ಗಾರೆ, ಸುಣ್ಣ. ಸ್ವಾಮಾರ ಬರೋರು ಬರೀ ಗ್ವಾಡೆ ನೋಡ್ಕಂಡೋಗ್ಲಿ."

"ಮತ್ತೆ ನನ್ನ ಮಾನ?"

"ಮೊದ್ಲು ಗ್ವಾಡೆ ಉಳೀಲಿ. ಮಾನ ಆಮ್ಯಾಲೆ ಬಳಿಯಾನ." ಕೆಂಚಯ್ಯ ಕೆರೆಯುವ ತಗಡೊಂದನ್ನು ಮುಂದೆ ಚಾಚಿದ. "ಕೆರೆಯಾಕೆ ನಾಕು ಕೈಯಾದ್ರೂ ಬೇಕು. ನಂಗಿರಾವು ಎಲ್ಡೇ."

ಸಮಿತಿಯವರಿಗೆ ಫೋನ್ ಹೋಯಿತು. ಒಬ್ಬನಿಗೆ ಜ್ವರ, ಒಬ್ಬನಿಗೆ ಚನ್ನರಾಯಪಟ್ಟಣದಲ್ಲಿ ಮದುವೆ. ಪರಮಶಿವಯ್ಯನವರು ತಗಡು ಹಿಡಿದರು.

ಸೋಮವಾರ ಹಾಸನದವರು ಕಾರಿಳಿದಾಗ ಬಹುಪಾಲು ಗೋಡೆ ಬೆತ್ತಲಾಗಿ, ಹಸಿ ಮಣ್ಣಿನ ವಾಸನೆ ಬೀರುತ್ತ ನಿಂತಿತ್ತು. ಕೆಂಚಯ್ಯ ಅಂಗೈಯನ್ನು ಗಾರೆಗೆ ಒತ್ತಿ ನೋಡುತ್ತಿದ್ದ. ತಣ್ಣಗಿತ್ತು, ಗಟ್ಟಿಯಾಗಿತ್ತು. "ಶಿವಾ," ಅಂದ.

"ಅಧ್ಯಕ್ಷರು ಎಲ್ಲಪ್ಪಾ?" ಬಂದವರು ಕೇಳಿದರು.

ಕೆಂಚಯ್ಯ ತಿರುಗದೆ ಕರಣೆ ತೋರಿಸಿದ. ಬಾಗಿಲ ಪಕ್ಕದಲ್ಲಿ ಪಂಚೆ ಎತ್ತಿಕಟ್ಟಿ, ತಲೆ ತುಂಬ ಹಸಿರು ಹೊಟ್ಟು ಉದುರಿಸಿಕೊಂಡು ಒಬ್ಬರು ಗೋಡೆ ಕೆರೆಯುತ್ತ ನಿಂತಿದ್ದರು.

"ಅಗಾ ಸಾ, ಅಲ್ಲವ್ರೆ. ಅವ್ರ ಎಸ್ರು ವಸಿ ದಪ್ಪ ನೋಡಿ, ಕೆರೆಯಾಕೆ ಒತ್ತು ಇಡೀತದೆ."